ಒಗರಿಗೊಂದು ಜೋಡಿ

ನಮ್ಮೂರಿನಲ್ಲಿ ಊಟಕ್ಕೆ ಕೂತವರು ಅಡುಗೆಯ ಮಾತು ಎತ್ತುವುದಿಲ್ಲ. ಮಳೆಯ ಮಾತಾಡುತ್ತಾರೆ, ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು ಎಂದು ಮಾತಾಡುತ್ತಾರೆ, ಸತ್ತವರ ಮೇಲೂ ನಾಲ್ಕು ಮಾತು ಬರುತ್ತದೆ. ಆದರೆ ಸಾರಿಗೆ ಹುಳಿ ಹೆಚ್ಚಾಯಿತು, ಪಲ್ಯಕ್ಕೆ ಖಾರ ಸಾಲದು ಎಂದು ಒಬ್ಬರಾದರೂ ಬಾಯಿ ಬಿಡುವುದಿಲ್ಲ. ಅಡುಗೆ ಮಾಡಿದವಳು ಯಾವ ರುಚಿ ಕಳೆದುಕೊಂಡಿದ್ದಾಳೋ ಏನೋ. ಹುಳಿ ಕಳೆದುಕೊಂಡವಳ ಮುಂದೆ ಹುಳಿಯ ಮಾತೆತ್ತುವುದು ಕುಂಟನ ಮುಂದೆ ಕುಣಿದಂತೆ ಎಂದು ಹಾಲುಹಲ್ಲು ಬೀಳುವ ಮೊದಲೇ ಮಕ್ಕಳಿಗೆ ಕಲಿಸುತ್ತೇವೆ. ಖಾನಾವಳಿ ಜಪಮಾಲವ್ವ ಎಂದರೆ ನಾನೇ. ನನ್ನ ಮಗಳು ಕ್ಲಾರಾಳಿಗೆ ನಾನೂ ಅದನ್ನೇ ಕಲಿಸಿದೆ. ಚೆನ್ನಾಗಿಯೇ ಕಲಿಸಿದೆ, ಅದೇ ಕುತ್ತಿಗೆಗೆ ಬಂತು.

ನಮ್ಮ ವೈನಿನ ಹೆಸರು ನೆಬ್ಬಿಯೋಲೊ. ಅಷ್ಟುದ್ದ ಹೇಳುವ ಪುರುಸೊತ್ತು ನಮ್ಮವರಿಗಿಲ್ಲ, ನೆಬ್ಬೋಳಿ ಅನ್ನುತ್ತಾರೆ. ಇಟಲಿಯ ಪಾದ್ರಿಯೊಬ್ಬರು ತಮ್ಮೂರಿನ ಬಳ್ಳಿಯ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಇಲ್ಲಿ ನೆಟ್ಟರಂತೆ. ಬಣ್ಣ ನೋಡಿ ಮೋಸ ಹೋಗಬೇಡಿ. ಗ್ಲಾಸಿಗೆ ಹೊಯ್ದರೆ ಹಳೇ ಇಟ್ಟಿಗೆ ತೊಳೆದ ನೀರಿನಷ್ಟು ತೆಳ್ಳಗೆ ಕಾಣುತ್ತದೆ. ಮೂಗಿಗೆ ಹಿಡಿದರೆ ಮೊದಲು ಗುಲಾಬಿ, ಅದರ ಬೆನ್ನಿಗೇ ರಸ್ತೆಗೆ ಹಾಕುವ ಡಾಂಬರು. ಬಾಯಿಗೆ ಹೋಯಿತೋ, ಒಗರು. ಹಲ್ಲಿನ ಸಂದಿಯಿಂದ ಗಂಟಲವರೆಗೆ ಹಿಡಿದು ಒಣಗಿಸುವ ಒಗರು. ನೋಡುವುದಕ್ಕೆ ಸೊಸೆ, ಮನೆಯೊಳಗೆ ಬಂದರೆ ಅತ್ತೆ ಎಂದು ನಮ್ಮಲ್ಲಿ ತಮಾಷೆ ಮಾಡುತ್ತಾರೆ. ಈ ಅತ್ತೆಯನ್ನು ಒಲಿಸಿಕೊಳ್ಳುವುದು ಹೇಗೆಂದು ಪಾದ್ರಿಯೇ ಹೇಳಿಕೊಟ್ಟು ಹೋಗಿದ್ದಾರೆ: ಒಗರಿಗೆ ಕೊಬ್ಬು ಬೇಕು, ಕೊಬ್ಬಿಗೆ ಉಪ್ಪು ಬೇಕು, ಮೆಣಸಿನಕಾಯಿ ಮಾತ್ರ ಹತ್ತಿರ ಸುಳಿಯಬಾರದು. ಖಾರ ಬಿದ್ದರೆ ಆ ಒಗರಿಗೆ ಬೆಂಕಿ ಹತ್ತುತ್ತದೆ.

ಇಷ್ಟೇ ಆಗಿದ್ದರೆ ಬಾಳು ಸುಲಭವಿತ್ತು. ಆದರೆ ವರ್ಷ ವರ್ಷದ ನೆಬ್ಬೋಳಿಗೆ ಅದರದೇ ಒಂದು ಜೋಡಿ ಊಟ ಇರುತ್ತದೆ, ಅದನ್ನು ಹುಡುಕಿಕೊಡಬೇಕು. ಒಂದು ವರ್ಷ ಕುರಿ ತೊಡೆಗೆ ಒಲಿಯಿತು. ಇನ್ನೊಂದು ವರ್ಷ ಒಣಗಿ ಕಲ್ಲಾದ ಹಳೇ ಚೀಸಿನ ಚೂರಿಗೆ ಒಲಿಯಿತು. ಮತ್ತೊಂದು ವರ್ಷ ಬಾತುಕೋಳಿಯ ಈಲಿಗೆ, ಅಂದರೆ ಲಿವರಿಗೆ. ಪೀಪಾಯಿ ತೆರೆದ ದಿನ ಹೊತ್ತು ಮುಳುಗುವುದರೊಳಗೆ ಜೋಡಿ ಸಿಗಬೇಕು. ಸರದಿ ಬಂದ ಮನೆಯಿಂದ ಒಬ್ಬರು ಅಡುಗೆ ಮಾಡಬೇಕು, ಒಬ್ಬರು ಬಾಯಿ ಕೊಡಬೇಕು. ಬಾಯಿ ಕೊಡುವುದೆಂದರೆ ಒಂದು ತುತ್ತು ಉಂಡು, ಅದರ ಮೇಲೆ ಒಂದು ಗುಟುಕು ಕುಡಿಯುವುದು. ಜೋಡಿ ಸರಿಯಾದರೆ ಏನೂ ಆಗುವುದಿಲ್ಲ. ತಪ್ಪಾದರೆ ಆ ನಾಲಿಗೆಯಿಂದ ಒಂದು ರುಚಿ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ.

ಹೀಗೆ ನಮ್ಮಲ್ಲಿ ಮನೆಗೊಬ್ಬರು ರುಚಿ ಕಳೆದುಕೊಂಡವರು ಇದ್ದಾರೆ. ಖಾರ ಹೋದವನು ಮದುವೆಗಳಲ್ಲಿ ಹಸಿ ಮೆಣಸಿನಕಾಯಿ ತಿಂದು ತೋರಿಸಿ ಮಕ್ಕಳನ್ನು ನಗಿಸುತ್ತಾನೆ. ಕಹಿ ಹೋದವರನ್ನು ಔಷಧಿ ಕುಡಿಯಲು ಹಟ ಮಾಡುವ ಮಕ್ಕಳ ಮನೆಗೆ ಕರೆದೊಯ್ಯುತ್ತಾರೆ. ಅವರು ಗಟಗಟ ಕುಡಿದು ತೋರಿಸಿದರೆ ಮಕ್ಕಳೂ ಕುಡಿಯುತ್ತವೆ. ಹೆಣ್ಣು ಕೇಳಲು ಬಂದವರು ಕೂಡ, ಬಣ್ಣ ಎತ್ತರ ಆಮೇಲೆ, ಮೊದಲು ‘ಹುಡುಗಿಗೆ ಎಷ್ಟು ರುಚಿ ಅದಾವ್ರಿ?’ ಅನ್ನುತ್ತಾರೆ. ಹೊತ್ತು ಮುಳುಗಿದರೂ ಜೋಡಿ ಸಿಗದೇ ಹೋದರೆ ಪೀಪಾಯಿಗಳಷ್ಟೂ ಹುಳಿತು ವಿನಿಗರ್ ಆಗುತ್ತವೆ, ಬಾಯಿ ಕೊಟ್ಟವರ ಆರೂ ರುಚಿ ಒಟ್ಟಿಗೆ ಹೋಗುತ್ತವೆ. ಹಾಗೆ ಆದದ್ದು ಒಂದೇ ಸಲ. ಆಗ ಬಾಯಿ ಕೊಟ್ಟಿದ್ದ ಹುಡುಗ ಈಗ ಪೀಪಾಯಿ ಮನೆಯ ಯಜಮಾನ, ಸವರಪ್ಪಜ್ಜ. ಅಜ್ಜ ಉಣ್ಣುವುದನ್ನು ನೋಡಬಾರದು. ಹೊಟ್ಟೆಗೆ ಹಾಕಿಕೊಳ್ಳುತ್ತಾನೆ ಅಷ್ಟೇ, ಗೋಡೆಯ ಕಡೆ ಮುಖ ಮಾಡಿ.

ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಸರದಿ ನಮ್ಮ ಮನೆಗೆ ಬಂದಿತ್ತು. ಅತ್ತೆ ಅಡುಗೆ ಮಾಡಿದಳು, ನಾನು ಬಾಯಿ ಕೊಟ್ಟೆ. ಮೊದಲನೆಯದು ತಪ್ಪಿತು, ಎರಡನೆಯದು ಕೂಡಿತು. ತಪ್ಪಿದ್ದಕ್ಕೆ ನನ್ನ ಉಪ್ಪು ಹೋಯಿತು. ಅತ್ತೆ ಅದರ ಬಗ್ಗೆ ಒಂದು ಮಾತೂ ಆಡದೆ ಸತ್ತಳು, ಆಡಬಾರದಲ್ಲ. ಉಪ್ಪು ಹೋದ ಮೇಲೂ ನಾನು ಖಾನಾವಳಿ ಬಿಡಲಿಲ್ಲ. ಅಂಗೈ ಗುಳಿಯಲ್ಲಿ ಉಪ್ಪಿನ ಅಳತೆ ಕೂತುಬಿಟ್ಟಿತ್ತು, ನಾಲಿಗೆಯ ಹಂಗೇ ಬೇಕಿರಲಿಲ್ಲ. ಹಾಗಂತ ನಾನು ನಂಬಿದ್ದೆ. ಗಂಡ ಇನ್ನಾಸಪ್ಪ ತೀರಿಕೊಂಡ ಮೇಲೂ ನನ್ನ ಪಂಕ್ತಿ ಒಂದು ದಿನ ಖಾಲಿ ಇರಲಿಲ್ಲ. ಜನ ತಟ್ಟೆಯ ಮುಂದೆ ಕೂತ ಕೂಡಲೇ ಸೊಂಟಕ್ಕೆ ಕೈ ಹಾಕುತ್ತಿದ್ದರು. ಹೊಟ್ಟೆ ಬಿರಿಯೆ ಉಣ್ಣಲು ಉಡಿದಾರ ಸಡಿಲ ಮಾಡಿಕೊಳ್ಳುತ್ತಾರೆ ಎಂದು ನಾನು ಹಿಗ್ಗುತ್ತಿದ್ದೆ. ಬಡಿಸಿ ಮುಗಿಸುವಷ್ಟರಲ್ಲಿ ಯಾರಾದರೊಬ್ಬರು, ಹೆಚ್ಚಾಗಿ ದಿನಾ ಬರುವ ದಾನಪ್ಪ ಮಾಸ್ತರರು, ‘ಜಪಮಾಲಕ್ಕಾ, ಒಂದು ಉಳ್ಳಾಗಡ್ಡಿ ತರ್ರಿ’ ಅನ್ನುವರು. ನಾನು ಒಳಗೆ ಹೋಗಿ ತರುತ್ತಿದ್ದೆ. ಬರುವಷ್ಟರಲ್ಲಿ ಎಲ್ಲರೂ ತಲೆ ತಗ್ಗಿಸಿ ಗಂಭೀರವಾಗಿ ಉಣ್ಣುತ್ತಿರುತ್ತಿದ್ದರು.

ಸರದಿ ಸುತ್ತಿ ಸುತ್ತಿ ಈ ವರ್ಷ ಮತ್ತೆ ನಮ್ಮ ಮನೆಗೆ ಬಂತು. ಒಮ್ಮೆ ಬಾಯಿ ಕೊಟ್ಟವರು ಮತ್ತೆ ಕೊಡುವಂತಿಲ್ಲ. ಮನೆಯಲ್ಲಿ ಉಳಿದದ್ದು ಕ್ಲಾರಾ ಒಬ್ಬಳೇ. ಅವಳ ಆರೂ ರುಚಿ ನೆಟ್ಟಗಿವೆ. ನೆಟ್ಟಗಿವೆ ಅಂದರೆ ಸಾಲದು. ಆ ಹುಡುಗಿ ಕಣ್ಣಿಗಿಂತ ಹೆಚ್ಚು ನಾಲಿಗೆಯಿಂದಲೇ ಲೋಕ ನೋಡುತ್ತಾಳೆ. ಬೆಲ್ಲದ ಚೂರು ದವಡೆಯಲ್ಲಿ ಇಟ್ಟುಕೊಂಡೇ ಕಸ ಗುಡಿಸುವವಳು. ಯಾವ ಗಾಣದ ಬೆಲ್ಲ ಎಂದು ಕಣ್ಣು ಮುಚ್ಚಿ ಹೇಳುವವಳು. ಭಾನುವಾರ ಅವಳು ಮಾಡುವ ಶೇಂಗಾ ಉಂಡಿಗೆ ಪಕ್ಕದೂರಿನವರೂ ಬಂದು ಕಾಯುತ್ತಾರೆ. ಸರದಿಯ ಸುದ್ದಿ ಬಂದ ದಿನದಿಂದ ನನಗೆ ನಿದ್ದೆಯಿಲ್ಲ. ನನ್ನ ಕೈ ತಪ್ಪಿದರೆ ಹೋಗುವುದು ನನ್ನ ಮಗಳ ನಾಲಿಗೆ. ದೇವರೇ, ನನ್ನ ಉಳಿದ ಐದನ್ನೂ ತಗೋ, ಅವಳ ಒಂದನ್ನೂ ಮುಟ್ಟಬೇಡ ಎಂದು ಬೇಡಿಕೊಂಡೆ. ದೇವರಿಗೆ ನಮ್ಮೂರಿನ ವೈನಿನ ಮೇಲೆ ಅಧಿಕಾರ ಇದ್ದಂತೆ ಕಾಣುವುದಿಲ್ಲ.

ಪೀಪಾಯಿ ಮನೆ ಎಂದರೆ ಉದ್ದನೆಯ ಕಲ್ಲಿನ ಪಡಸಾಲೆ, ಪಡುವಣಕ್ಕೆ ಒಂದೇ ಬಾಗಿಲು. ಮಧ್ಯಾಹ್ನ ತಿರುಗಿದ ಮೇಲೆ ಬಿಸಿಲು ಆ ಬಾಗಿಲಿಂದ ಒಳಗೆ ಬಂದು, ನೆಲದ ಮೇಲೆ ಹರಿದು, ಎದುರಿನ ದೊಡ್ಡ ಪೀಪಾಯಿಯನ್ನು ಹತ್ತುತ್ತದೆ. ಪೀಪಾಯಿಯ ಮೇಲಿನ ಕಬ್ಬಿಣದ ಪಟ್ಟಿಯನ್ನು ದಾಟಿತೆಂದರೆ ಮುಗಿಯಿತು. ಒಳಗೇ ಒಂದು ಮೂಲೆಯಲ್ಲಿ ಎರಡು ಒಲೆ. ಬೆಳಗಾಗುತ್ತಲೇ ಸವರಪ್ಪಜ್ಜ ಪೀಪಾಯಿ ತೆರೆದು ನನ್ನ ಕೈಗೆ ಅರ್ಧ ಗ್ಲಾಸು ಕೊಟ್ಟ. ಬರೀ ವೈನು ಕುಡಿದರೆ ಏನೂ ಆಗದು. ಮೂಸಿದೆ. ಗುಲಾಬಿ ಇತ್ತು, ಡಾಂಬರು ಇತ್ತು, ಅವೆರಡರ ಹಿಂದೆ ಮಳೆ ಬಿದ್ದ ಮಾರನೆಯ ದಿನ ಹುತ್ತದ ಬುಡದಲ್ಲಿ ಏಳುವ ಅಣಬೆಯ ವಾಸನೆ. ಬಾಯಿಗೆ ಬಿಟ್ಟುಕೊಂಡೆ. ಜಾಲಿ ತೊಗಟೆ ಅಗಿದ ಹಾಗೆ ವಸಡು ಬಿಗಿಯಿತು. ಬಿಸಿಲಿನ ವರ್ಷದ ವೈನು, ಸಿಟ್ಟಿನದು.

ಎರಡು ಅಡುಗೆ ಎಂದು ಮನಸ್ಸಿನಲ್ಲೇ ಗೊತ್ತು ಮಾಡಿದೆ. ಒಂದು ಒಲೆಯ ಮೇಲೆ ಕುರಿಯ ಕಾಲೆಲುಬು, ಮೂಳೆಯೊಳಗಿನ ನೆಣದ ಸಮೇತ, ಹೋದ ವರ್ಷದ ನೆಬ್ಬೋಳಿಯಲ್ಲಿ ಮುಳುಗಿಸಿ ಸಣ್ಣ ಉರಿಗೆ ಇಟ್ಟೆ. ಅದು ಸಂಜೆಯವರೆಗೆ ಬೇಯಬೇಕು. ಇನ್ನೊಂದು ಒಲೆಯಲ್ಲಿ ಮೊದಲನೆಯ ಅಡುಗೆ. ಮೊಟ್ಟೆಯ ಹಳದಿಯಲ್ಲೇ ಹಿಟ್ಟು ನಾದಿ, ಕೂದಲೆಳೆಯಷ್ಟು ಸಣ್ಣಗೆ ಶಾವಿಗೆ ಹೊಸೆದು, ಬೆಣ್ಣೆಯಲ್ಲಿ ಹೊರಳಿಸಿ, ಮೇಲೆ ಹುರಿದ ಅಣಬೆ. ಪಾದ್ರಿಯ ಊರಿನಲ್ಲೂ ಇದನ್ನೇ ಮಾಡುತ್ತಾರಂತೆ. ಅಣಬೆಯ ವಾಸನೆಯ ವೈನಿಗೆ ಅಣಬೆಯೇ ಜೋಡಿ ಎಂದು ನನಗೆ ಅನುಮಾನವೇ ಇರಲಿಲ್ಲ. ಕೊನೆಗೆ ಅಂಗೈ ಗುಳಿಯ ಅಳತೆಯಲ್ಲಿ ಉಪ್ಪು ಹಾಕಿ ಇಳಿಸಿದೆ.

ಒಲೆಯಿಂದ ಇಳಿದ ಅಡುಗೆಯನ್ನು ಮಾಡಿದವಳ ಕೈ ಬಿಟ್ಟರೆ ಇನ್ನಾರೂ ಮುಟ್ಟುವಂತಿಲ್ಲ, ರುಚಿ ನೋಡುವಂತಿಲ್ಲ. ನಾನೇ ತಟ್ಟೆ ಒಯ್ದು ಕ್ಲಾರಾಳ ಮುಂದೆ ಇಟ್ಟೆ. ಊರಿನ ಅರ್ಧ ಜನ ಗೋಡೆಗೆ ಆತು ನಿಂತಿದ್ದರು, ಎಲ್ಲ ನನ್ನ ಖಾನಾವಳಿಯಲ್ಲಿ ಉಂಡವರೇ. ನಾನು ಯಾರನ್ನೂ ನೋಡಲಿಲ್ಲ. ಮಗಳ ಮುಖವೊಂದನ್ನೇ ನೋಡುತ್ತ ನಿಂತೆ. ಅವಳು ಒಂದು ಕ್ಷಣ ತಟ್ಟೆಯನ್ನೇ ದಿಟ್ಟಿಸಿದಳು, ನನ್ನ ಕಡೆ ನೋಡಿದಳು, ಆಮೇಲೆ ತುತ್ತು ಬಾಯಿಗಿಟ್ಟು ಗ್ಲಾಸು ಎತ್ತಿದಳು. ಗುಟುಕು ಇಳಿಯುತ್ತಿದ್ದ ಹಾಗೆ ಅವಳ ಕುತ್ತಿಗೆಯ ನರ ಬಿಗಿದು ನಿಂತಿತು.

ಹೋದ ರುಚಿ ಯಾವುದೆಂದು ನೋಡಲು ಪಕ್ಕದಲ್ಲಿ ಆರು ಬಟ್ಟಲು ಇಟ್ಟಿರುತ್ತಾರೆ. ಬೆಲ್ಲ, ಹುಣಸೆಹಣ್ಣು, ಉಪ್ಪು, ಮೆಣಸಿನಕಾಯಿ, ಬೇವಿನ ಎಲೆ, ಹಸಿ ಬಾಳೆಕಾಯಿಯ ಹೋಳು. ಕ್ಲಾರಾ ಹುಣಸೆಹಣ್ಣು ಮುಟ್ಟಿ ಮುಖ ಹಿಂಡಿದಳು. ಉಪ್ಪು ನೆಕ್ಕಿ ತಲೆ ಆಡಿಸಿದಳು. ಮೆಣಸಿನಕಾಯಿ, ಬೇವು, ಬಾಳೆಕಾಯಿ, ಎಲ್ಲ ಸರಿ. ಬೆಲ್ಲವನ್ನು ಬೇಕೆಂದೇ ಕೊನೆಗೆ ಬಿಟ್ಟಿದ್ದಳು. ಚೂರು ಬಾಯಿಗೆ ಹಾಕಿಕೊಂಡು ಅಗಿದಳು. ಇನ್ನೂ ಅಗಿದಳು. ಮತ್ತೊಂದು ಚೂರು ತೆಗೆದುಕೊಂಡಳು.

“ಇದು ಬೆಲ್ಲ ಹೌದಲ್ಲ?” ಎಂದು ಸಣ್ಣ ದನಿಯಲ್ಲಿ ಕೇಳಿದಳು. ನನ್ನ ಎದೆ ಒಡೆದು ಹೋಯಿತು.

ಅತ್ತು ಕೂರುವುದಕ್ಕೂ ಹೊತ್ತಿರಲಿಲ್ಲ. ಎಲುಬು ಬೇಯುತ್ತಿತ್ತು. ಒಲೆಯ ಮುಂದೆ ಕೂತು ಸೌದೆ ಹಿಂದೆ ಮುಂದೆ ಮಾಡುತ್ತ ತಪ್ಪು ಎಲ್ಲಿ ಎಂದು ಯೋಚಿಸಿದೆ. ಬೆಣ್ಣೆ ಕಡಿಮೆಯಾಯಿತೆ? ಅಣಬೆ ಹೆಚ್ಚು ಹುರಿದೆನೆ? ದಾನಪ್ಪ ಮಾಸ್ತರರು ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತರು. ಸಾಲಿಯಲ್ಲಿ ಹುಡುಗರನ್ನು ಗದರಿಸುವ ಮನುಷ್ಯ, ಅವತ್ತು ಬಾಯಿ ಒಣಗಿಸಿಕೊಂಡು ನಿಂತಿದ್ದರು.

“ಜಪಮಾಲಕ್ಕಾ...”

“ಏನ್ರಿ ಮಾಸ್ತರ?”

“ಏನಿಲ್ಲ. ಇದನ್ನ ಇಳಸೂಕಿಂತ ಮೊದಲ ಒಂದೀಟು... ವಿಚಾರ ಮಾಡ್ರಿ.”

“ಏನ್ ವಿಚಾರ ಮಾಡ್ಲಿ? ಹೇಳೂದಿದ್ರ ಹೇಳ್ರಿ.”

ಅವರು ಗೋಡೆ ನೋಡಿದರು, ನೆಲ ನೋಡಿದರು. “ಗಾಳಿ ಭಾಳ ಐತಿ ಇವತ್ತು, ಉರಿ ಕಡೆ ಲಕ್ಷ್ಯ ಇರ್ಲಿ” ಎಂದು ಹೇಳಿ ಹೋದರು. ಒಳಗೆ ಗಾಳಿಯ ಸುಳಿವೇ ಇರಲಿಲ್ಲ. ಮಗಳ ಸಿಹಿ ಹೋದ ಹೊತ್ತಿನಲ್ಲಿ ಗಾಳಿಯ ಪುರಾಣ ಹೇಳಲು ಬಂದನಲ್ಲ ಈ ಪುಣ್ಯಾತ್ಮ ಎಂದು ನನಗೆ ರೇಗಿತು.

ಆಮೇಲೆ ಕ್ಲಾರಾ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಅತ್ತಿರಲಿಲ್ಲ. ಕೈಯಲ್ಲಿ ಇನ್ನೂ ಆ ಬೆಲ್ಲದ ಚೂರು ಇತ್ತು, ಬೆವರಿಗೆ ಕರಗಿ ಅಂಗೈಗೆ ಅಂಟಿತ್ತು.

“ಅವ್ವಾ, ಈ ಸಲ ಒಂದೀಟು ಹೆಚ್ಚಿಗಿ ಹಾಕ.”

“ಏನ್ ಹೆಚ್ಚಿಗಿ ಹಾಕ್ಲಿ ನನ್ನವ್ವ?”

ಅವಳ ತುಟಿ ಅಲ್ಲಾಡಿತು. “ಎಲ್ಲಾ” ಎಂದು ಎದ್ದು ಹೋದಳು.

ಎಲ್ಲವನ್ನೂ ಹೆಚ್ಚು ಹಾಕಿದೆ. ಇನ್ನಷ್ಟು ಬೆಳ್ಳುಳ್ಳಿ, ಇನ್ನೊಂದು ಮುದ್ದೆ ಬೆಣ್ಣೆ, ಕುರಿಯ ಬಾಲದ ಕೊಬ್ಬು, ಮತ್ತೊಂದು ಬಟ್ಟಲು ವೈನು. ಉಪ್ಪನ್ನು ಮಾತ್ರ ಅಂಗೈ ಗುಳಿಗೆ ಸುರಿದುಕೊಂಡು, ಅದರಲ್ಲೇ ಸ್ವಲ್ಪ ತಿರುಗಿ ಡಬ್ಬಿಗೆ ಹಾಕಿ ಉಳಿದದ್ದನ್ನು ಹಾಕಿದೆ. ಉಪ್ಪು ಹೋದಂದಿನಿಂದ ನನ್ನದು ಅದೇ ರೂಢಿ. ಕಡಿಮೆಯಾದ ಅಡುಗೆಯನ್ನು ತಿದ್ದಬಹುದು, ಉಪ್ಪು ಮಿಕ್ಕಿದ್ದನ್ನು ನಾಯಿಯೂ ಮೂಸುವುದಿಲ್ಲ ಎಂಬ ಹೆದರಿಕೆ. ನನ್ನ ಹೆದರಿಕೆ ನನ್ನ ಕೈಯನ್ನು ವರ್ಷ ವರ್ಷಕ್ಕೆ ಹಿಂದೆ ಹಿಂದೆ ಎಳೆದಿತ್ತು. ಅದು ನನಗೆ ತಿಳಿಯುವ ದಾರಿಯೇ ಇರಲಿಲ್ಲ.

ಎಲುಬಿನಿಂದ ಮಾಂಸ ತಾನಾಗಿ ಕಳಚಿ ಬಂದಾಗ ಬಿಸಿಲು ಪೀಪಾಯಿಯ ಕೆಳಗಿನ ಪಟ್ಟಿಯನ್ನು ದಾಟಿ ನಡುವಿಗೆ ಬಂದಿತ್ತು. ಇದು ತಪ್ಪಿದರೆ ಮೂರನೆಯದಕ್ಕೆ ಸಮಯವಿಲ್ಲ. ನನ್ನ ಮಗಳೂ ನಾಳೆಯಿಂದ ಗೋಡೆಗೆ ಮುಖ ಮಾಡಿ ಉಣ್ಣುತ್ತಾಳೆ. ತಟ್ಟೆ ಎತ್ತಿಕೊಂಡು ಹೋದೆ. ಕ್ಲಾರಾಳ ಮುಂದೆ ಇಟ್ಟೆ. ಬೆಳಿಗ್ಗೆ ಅವಳ ಮುಖ ನೋಡಿದ್ದೆ. ಈಗ ನೋಡುವ ಧೈರ್ಯ ಬರಲಿಲ್ಲ. ಅವಳಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿಬಿಟ್ಟೆ.

ಆಗ ಕಂಡಿತು.

ತಟ್ಟೆ ಕಂಡ ಕೂಡಲೇ ಅವರೆಲ್ಲರ ಕೈ ಸೊಂಟಕ್ಕೆ ಹೋಗಿತ್ತು. ಗಂಡಸರ ಕೈ ಉಡಿದಾರಕ್ಕೆ, ಹೆಂಗಸರ ಕೈ ಸೆರಗಿನ ಗಂಟಿಗೆ. ಯಾರ ಮುಂದೆಯೂ ತಟ್ಟೆ ಇರಲಿಲ್ಲ, ಯಾರೂ ಉಣ್ಣುವವರಿರಲಿಲ್ಲ. ಆದರೂ ನನ್ನ ಕೈಯ ಅಡುಗೆ ಕಂಡರೆ ಆ ಕೈಗಳಿಗೆ ಬೇರೆ ಏನೂ ಗೊತ್ತಿರಲಿಲ್ಲ. ದಾನಪ್ಪ ಮಾಸ್ತರರು ಎಲ್ಲರಿಗಿಂತ ಮುಂದೆ ನಿಂತಿದ್ದರು. ಸೊಂಟದಿಂದ ಅರ್ಧ ಹೊರಬಂದ ಒಂದು ಸಣ್ಣ ಕಾಗದದ ಪೊಟ್ಟಣ ಅವರ ಬೆರಳಲ್ಲಿತ್ತು. ನನ್ನ ಕಣ್ಣು ಅದರ ಮೇಲೆ ಬಿದ್ದದ್ದು ಅವರಿಗೆ ಗೊತ್ತಾಯಿತು. ಮುಖ ಕಪ್ಪಿಟ್ಟಿತು. ಪೊಟ್ಟಣದ ಒಂದು ಮೂಲೆ ಹರಿದು ನಾಲ್ಕು ಬಿಳಿ ಕಾಳು ನೆಲಕ್ಕೆ ಬಿದ್ದವು.

ಉಳ್ಳಾಗಡ್ಡಿ, ಉಳ್ಳಾಗಡ್ಡಿ, ಎಷ್ಟು ವರ್ಷ ಉಳ್ಳಾಗಡ್ಡಿ ತಂದೆ ನಾನು!

ಗಕ್ಕನೆ ತಿರುಗಿದೆ. ಕ್ಲಾರಾಳ ಎಡಗೈ ಕೂಡ ಸೆರಗಿನ ಗಂಟಿನ ಮೇಲಿತ್ತು. ಬಲಗೈಯಲ್ಲಿ ತುತ್ತು, ತುಟಿಯ ಹತ್ತಿರ.

“ನಿಂದ್ರು!” ಎಂದು ಚೀರಿದೆ. “ಬಾಯಿಗಿ ಹಾಕಬ್ಯಾಡ. ಕೆಳಗ ಇಡು.”

ಅವಳು ತುತ್ತನ್ನು ತಟ್ಟೆಗೆ ಇಟ್ಟಳು. ನಾನು ಜನರ ಕಡೆ ತಿರುಗಿ, ಹುಟ್ಟಿದಂದಿನಿಂದ ಯಾರ ಬಾಯಲ್ಲೂ ಕೇಳದ ಮಾತನ್ನು ಕೇಳಿದೆ. “ನನ್ನ ಅಡಗ್ಯಾಗ ಉಪ್ಪು ಕಡಿಮಿ ಇರ್ತೈತೇನು?”

ಬೈಗುಳ ಕೇಳಿದವರಂತೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಸವರಪ್ಪಜ್ಜ ಕೋಲೂರಿ ಎದ್ದು ನಿಂತ.

“ಜಪಮಾಲಾ, ಉಣ್ಣೂ ತಟ್ಟಿ ಮುಂದ ರುಚಿ ಮಾತು ತಗೀಬಾರ್ದವ್ವ. ಹಿರ್‍ಯಾರು ಸುಮ್ನ ಹೇಳಿಲ್ಲ. ಕಳಕೊಂಡವರ ಮನಸಿಗಿ ನೋವಾಗಬಾರ್ದು ಅಂತ ಹೇಳ್ಯಾರ. ನಿನಗ ನೋವಾಗಬಾರ್ದು ಅಂತ ಮಂದಿ ಸುಮ್ನ ಇದ್ದಾರ.”

“ಅಜ್ಜಾ, ನಿಮ್ಮ ಮರ್ಯಾದಿ ಇವತ್ತು ನನ್ನ ಮಗಳ ಬೆಲ್ಲಾ ತಿಂತು!” ನನ್ನ ಮೈಯೆಲ್ಲ ಉರಿಯುತ್ತಿತ್ತು. “ಮುಂಜಾನಿ ನಾ ಆ ಶಾವಿಗಿ ತಟ್ಟಿ ತರೂಮುಂದ ನಿಮಗೆಲ್ಲಾ ಗೊತ್ತಿತ್ತು. ಎಲ್ಲಾರಿಗೂ ಗೊತ್ತಿತ್ತು. ನನ್ನ ಮನಸಿಗಿ ನೋವಾಗ್ತೈತಿ ಅಂತ ನನ್ನ ಕೂಸಿನ ನಾಲಿಗಿ ಕೊಟ್ರೇನು? ನಿಮ್ಮ ಹೊತ್ತಿನ್ಯಾಗೂ ಅಡಗಿ ಮಾಡಿದಾಕಿಗೆ ಯಾರರ ಒಂದ್ ಮಾತು ಹೇಳಿದ್ರ ನೀವು ಇವತ್ತು ಹಿಂಗ ಇರ್ತಿದ್ರೇನು?”

ಅಜ್ಜ ನನ್ನನ್ನೇ ನೋಡಿದ. ಅವನ ಹೊತ್ತಿನಲ್ಲಿ ಅಡುಗೆ ಮಾಡಿದ್ದು ಅವನ ತಾಯಿ. ಆಕೆ ಆಗಲೇ ಹುಳಿ ಕಳೆದುಕೊಂಡಿದ್ದಳು ಎಂದು ಊರಿಗೆಲ್ಲ ಗೊತ್ತು. ಅವನ ಗಲ್ಲ ಅದುರಲು ತೊಡಗಿತು, ಕೋಲು ಹಿಡಿದೇ ಮೆಲ್ಲಗೆ ಕೂತುಬಿಟ್ಟ. ಬಿಸಿಲು ಮೇಲಿನ ಪಟ್ಟಿಯ ಹತ್ತಿರ ಹತ್ತುತ್ತಿತ್ತು.

ಮೊದಲು ಮುಂದೆ ಬಂದದ್ದು ಮಾಸ್ತರರು. ಹರಿದ ಪೊಟ್ಟಣವನ್ನು ಬಟ್ಟಲುಗಳ ಪಕ್ಕದಲ್ಲಿ ಇಟ್ಟರು. “ಕಡಿಮಿ ಇರ್ತೈತ್ರಿ ಜಪಮಾಲಕ್ಕಾ” ಎಂದರು. ಆ ಮಾತು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. “ಭಾಳ ಕಡಿಮಿ. ಈಗೀಗಂತೂ ಇರೂದ ಇಲ್ಲ. ಆದ್ರ ನಿಮ್ಮ ಕೈಯಾಗಿನ ಉಳಿದ ರುಚಿ ಎಲ್ಲೂ ಸಿಗೂದಿಲ್ಲ ನೋಡ್ರಿ, ಅದಕ್ಕ ಬರ್ತಿದ್ವಿ.” ಅವರ ಹಿಂದೆ ಒಬ್ಬೊಬ್ಬರೇ ಬಂದರು. ಕಾಗದದ ಪೊಟ್ಟಣ, ಬಟ್ಟೆಯ ಗಂಟು, ಒಬ್ಬನದು ಸುಣ್ಣದ ಡಬ್ಬಿ. ಎಲ್ಲರ ಸೊಂಟದ ಉಪ್ಪೂ ಆ ಬಟ್ಟಲುಗಳ ಪಕ್ಕದಲ್ಲಿ ಬಂದು ಬಿತ್ತು. ನಾಚಿಕೆಯಿಂದ ಸಾಯುವಂತಾಯಿತು, ಅವರನ್ನೆಲ್ಲ ಬಡಿಯಬೇಕು ಅನ್ನಿಸಿತು, ಅವರ ಕಾಲಿಗೆ ಬೀಳಬೇಕು ಅಂತಲೂ ಅನ್ನಿಸಿತು.

ಆದರೆ ಎಷ್ಟು ಹಾಕಲಿ? ನನ್ನ ನಾಲಿಗೆಗೆ ಉಪ್ಪೂ ಒಂದೇ ಮರಳೂ ಒಂದೇ. ಬೇರೆಯವರು ರುಚಿ ನೋಡುವಂತಿಲ್ಲ. ಮಗಳು ತಟ್ಟೆ ಮುಟ್ಟಿ ತಿದ್ದುವಂತಿಲ್ಲ. ಕಡಿಮೆಯಾದರೂ ಹೋಯಿತು, ಹೆಚ್ಚಾದರೂ ಹೋಯಿತು. ಉಪ್ಪಿನ ಡಬ್ಬಿಗೆ ಕೈ ಹಾಕಲು ಹೋದೆ, ಬೆರಳು ಮುಂದೆ ಹೋಗಲಿಲ್ಲ.

“ಅವ್ವಾ” ಎಂದಳು ಕ್ಲಾರಾ. “ಅಂಗೈ ಚಾಚು.”

ಚಾಚಿದೆ. ಅವಳು ಸೆರಗಿನ ಗಂಟು ಬಿಚ್ಚಿದಳು. ಉಪ್ಪಿನ ಕಲೆಯಿಂದ ಸೆರಗಿನ ಆ ತುದಿ ಬಿಳಿಚಿಕೊಂಡು ಬಿರುಸಾಗಿತ್ತು. ಎಷ್ಟು ಸಲ ಒಗೆದಿದ್ದೇನೆ ಅದನ್ನು! ಚಿಟಿಕೆಯಲ್ಲಿ ಉಪ್ಪು ತೆಗೆದು ನನ್ನ ಅಂಗೈಗೆ ಹಾಕಿದಳು. ಒಂದು ಕ್ಷಣ ತಟ್ಟೆಯನ್ನು ನೋಡಿ, ಇನ್ನೊಂದು ಚಿಟಿಕೆ ಹಾಕಿದಳು. ಮತ್ತೆ ಅರ್ಧ.

“ಯಾವಾಗಿಂದ?” ಎಂದು ಕೇಳಿದೆ.

“ಸಾಲಿಗಿ ಹೋಗೂಮುಂದಿಂದ.”

“ನನ್ನ ಮುಂದ ಕುಂತ?”

“ನೀ ರೊಟ್ಟಿ ತಿರುವಿ ಹಾಕಾಕ ಹೊಳ್ಳೂಮುಂದ.” ಅವಳು ನನ್ನ ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿದಳು. “ನಿನ್ನ ಕೈ ಎಷ್ಟು ಬಿಡ್ತೈತಿ, ಎಷ್ಟು ಬಿಡೂದಿಲ್ಲ ಅಂತ ನನಗ ಗೊತ್ತೈತಿ. ಹಾಕು. ಹೊತ್ತಾತು.”

ಹಾಕಿದೆ. ಎಲುಬಿನ ರಸ ಮೇಲೆತ್ತಿ ಕಲಸಿದೆ. ಬಿಸಿಲು ಮೇಲಿನ ಪಟ್ಟಿಯ ಕಬ್ಬಿಣವನ್ನು ಕೆಂಪಗೆ ಮಾಡಿತ್ತು. ಈ ಸಲ ನಾನು ಬೆನ್ನು ಹಾಕಲಿಲ್ಲ. ಕ್ಲಾರಾ ಮೂಳೆಯ ನೆಣವನ್ನೂ ಮಾಂಸವನ್ನೂ ಸೇರಿಸಿ ದೊಡ್ಡ ತುತ್ತು ಮಾಡಿದಳು, ಬಾಯಿಗಿಟ್ಟು ಅಗಿದಳು, ಗ್ಲಾಸು ಎತ್ತಿದಳು. ಗುಟುಕು ಇಳಿಯಿತು. ಕುತ್ತಿಗೆಯ ನರ ಬಿಗಿಯುತ್ತದೆಯೇ ಎಂದು ನೋಡುತ್ತ ನಿಂತೆ.

ಅವಳು ಕಣ್ಣು ಮುಚ್ಚಿದಳು. ತೆರೆದಳು. ತಟ್ಟೆಗೆ ಕೈ ಹಾಕಿ ಇನ್ನೊಂದು ತುತ್ತು ತೆಗೆದುಕೊಂಡಳು.

ಜೋಡಿ ತಪ್ಪಿದ ಊಟದ ಎರಡನೆಯ ತುತ್ತನ್ನು ನಮ್ಮೂರಿನಲ್ಲಿ ಯಾರೂ ಕೇಳಿದ್ದಿಲ್ಲ. ಗೋಡೆಗೆ ಆತವರು ಹೋ ಎಂದು ಕೂಗಿದರು. ಆದರೂ ನಾನು ಬಟ್ಟಲುಗಳನ್ನು ಮುಂದೆ ತಳ್ಳಿದೆ. ಹುಳಿ ಇತ್ತು, ಉಪ್ಪು ಇತ್ತು, ಖಾರ, ಕಹಿ, ಒಗರು ಎಲ್ಲ ಇದ್ದವು. ಬೆಲ್ಲದ ಬಟ್ಟಲನ್ನು ಅವಳು ಮುಟ್ಟಲಿಲ್ಲ, ನಾನೂ ಮುಟ್ಟು ಅನ್ನಲಿಲ್ಲ. ಸವರಪ್ಪಜ್ಜ ಎಲ್ಲರಿಗೂ ವೈನು ಹಂಚಲು ಹೇಳಿ, ತಾನೂ ಒಂದು ಗ್ಲಾಸು ಹಿಡಿದ. ಎಂದಿನಂತೆ ಗೋಡೆಗೆ ಮುಖ ಮಾಡಬೇಕಿತ್ತು. ಅವತ್ತು ನಮ್ಮ ಕಡೆ ತಿರುಗಿ ಕುಡಿದ.

ಮಾರನೆಯ ದಿನ ಖಾನಾವಳಿ ತೆರೆಯಲು ನನಗೆ ಮನಸ್ಸಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಬಡಿಸಲಿ? ಕ್ಲಾರಾಳೇ ಬಾಗಿಲು ತೆಗೆದಳು. ಪುಂಡಿಪಲ್ಯ, ರೊಟ್ಟಿ, ಕಟ್ಟಿನ ಸಾರು. ಹಿಂದೆ ಸರಿಯುತ್ತಿದ್ದ ನನ್ನ ಕೈಯನ್ನು ಸಿಟ್ಟಿನಿಂದ ಮುಂದೆ ನೂಕಿ, ಅಂಗೈ ತುಂಬ ಉಪ್ಪು ಸುರಿದೆ. ದಾನಪ್ಪ ಮಾಸ್ತರರು ಬಂದು ಎಂದಿನ ಜಾಗದಲ್ಲಿ ಕೂತರು. ಕೈ ಸೊಂಟಕ್ಕೆ ಹೋಗಿ ಬರಿದಾಗಿ ತಿರುಗಿ ಬಂತು. ಉಳ್ಳಾಗಡ್ಡಿ ಕೇಳಲಿಲ್ಲ. ಒಂದು ತುತ್ತು ಉಂಡರು, ನೀರು ಕುಡಿದರು. ಇನ್ನೊಂದು ತುತ್ತು ಉಂಡರು, ಮತ್ತೆ ನೀರು ಕುಡಿದರು. ಪಂಕ್ತಿಯಲ್ಲಿದ್ದವರೆಲ್ಲ ತಲೆ ತಗ್ಗಿಸಿ ಅವರನ್ನೇ ಓರೆಗಣ್ಣಿನಿಂದ ನೋಡುತ್ತಿದ್ದರು.

“ಜಪಮಾಲಕ್ಕಾ” ಎಂದರು ಕೊನೆಗೆ, ಬೆವರು ಒರೆಸಿಕೊಂಡು. “ಸಿಟ್ಟಾಗಬ್ಯಾಡ್ರಿ. ಇವತ್ತು ಉಪ್ಪು ಭಾಳ ಆಗೈತಿ.”

ಸೌಟು ಹಿಡಿದು ಹಾಗೇ ನಿಂತೆ. ನಾನು ಕೇಳದೆಯೇ ನನ್ನ ಅಡುಗೆಯಲ್ಲಿ ಒಬ್ಬರು ತಪ್ಪು ತೆಗೆದದ್ದು ಇಷ್ಟು ವರ್ಷದಲ್ಲಿ ಅದೇ ಮೊದಲು. “ಆಗೈತೇನು? ಹಂಗಾರ ನೀರು ಕುಡೀರಿ, ಪುಕ್ಕಟ ಐತಿ” ಎಂದು ಗದರಿಸಿ ಒಳಗೆ ಓಡಿದೆ.

ಒಳಗೆ ಕ್ಲಾರಾ ಶೇಂಗಾ ಉಂಡಿ ಕಟ್ಟುತ್ತಿದ್ದಳು. ಭಾನುವಾರ ಅಲ್ಲ, ಯಾರೂ ಹೇಳಿರಲಿಲ್ಲ. ಕಣ್ಣು ಕೆಂಪಾಗಿತ್ತು. ಒಂದು ಉಂಡಿ ಮುರಿದು ನನ್ನ ಬಾಯಿಗೆ ಹಿಡಿದಳು. ಅಗಿದೆ. ಸಪ್ಪೆ, ಬರೀ ಶೇಂಗಾ ಪುಡಿ. ಚೆನ್ನಾಗೈತಿ ಎಂಬ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

“ಬೆಲ್ಲ ಸಾಲದು” ಎಂದೆ. “ಇನ್ನೂ ಎರಡ ಮುಷ್ಟಿ ಹಾಕು.”